ಹೊಸ ರ‍್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಒಂದೊಂದಾಗಿ ಹೀಗೆ ನೋಡಿ

ಹೊಸ ರ‍್ಯಾಮ್ ಹಾಕಿ, ತಳದ ಮುಚ್ಚಳ ಮುಚ್ಚಿ, ಪವರ್ ಬಟನ್ ಒತ್ತುತ್ತೀರಿ. ಲೈಟ್ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ರಿಪೇರಿ ಅಂಗಡಿಯವರು ಇದನ್ನು ‘ನೋ ಡಿಸ್‌ಪ್ಲೇ’ ಅನ್ನುತ್ತಾರೆ. ಇಷ್ಟಾದ ಕೂಡಲೇ ಹೆಚ್ಚಿನವರು ಕೈಚೆಲ್ಲುತ್ತಾರೆ. ರ‍್ಯಾಮ್ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ, ಇಲ್ಲವೇ ಲ್ಯಾಪ್‌ಟಾಪೇ ಹೋಯಿತು ಅಂತ ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ ಈ ಎರಡೂ ಕಮ್ಮಿ. ಸ್ಟಿಕ್ (ರ‍್ಯಾಮ್ ಚಿಪ್‌ಗಳಿರುವ ಸಣ್ಣ ಹಲಗೆ) ಸ್ಲಾಟ್‌ನಲ್ಲಿ, ಅಂದರೆ ಅದನ್ನು ಸಿಕ್ಕಿಸುವ ಸಂದಿಯಲ್ಲಿ, ಪೂರ್ತಿ ಕೂತಿರುವುದಿಲ್ಲ, ಅಥವಾ ಆ ಲ್ಯಾಪ್‌ಟಾಪ್‌ಗೆ ಹೊಂದುವ ಜಾತಿಯದ್ದಾಗಿರುವುದಿಲ್ಲ. ಎರಡನ್ನೂ ಮನೆಯಲ್ಲೇ ಪತ್ತೆ ಮಾಡಬಹುದು. ಬೇಕಾಗಿರುವುದು ಒಂದು ಸಣ್ಣ ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವ ತಾಳ್ಮೆ.

ಈಗಾಗಲೇ ರ‍್ಯಾಮ್ ಕೊಂಡು ಸಿಕ್ಕಿಹಾಕಿಕೊಂಡಿರುವವರು ನೇರವಾಗಿ ‘ಪರದೆ ಕಪ್ಪಾಗಿದ್ದರೆ’ ಅನ್ನುವ ಭಾಗಕ್ಕೆ ಹೋಗಿ. ಇನ್ನೂ ಕೊಳ್ಳದವರು ಇಲ್ಲಿಂದಲೇ ಓದಿ. ಮುಂದಿನ ತಲೆನೋವು ಅರ್ಧ ಕಮ್ಮಿಯಾಗುತ್ತದೆ.

ಕೊಳ್ಳುವ ಮೊದಲು

ಮೊದಲ ಪ್ರಶ್ನೆ: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಹಾಕಲು ಜಾಗ ಇದೆಯಾ? ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ (ಅಂದರೆ ರ‍್ಯಾಮ್) ಚಿಪ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಆ್ಯಪಲ್‌ನ ಮ್ಯಾಕ್‌ಬುಕ್ ಏರ್ ಶುರುವಿನಿಂದಲೂ ಹೀಗೇ. 2012ರಲ್ಲಿ ಬಂದ ರೆಟಿನಾ ಮ್ಯಾಕ್‌ಬುಕ್ ಪ್ರೊ ಕೂಡ ಹೀಗೇ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಮೆಮೊರಿ ಪ್ರೊಸೆಸರ್ ಪ್ಯಾಕೇಜಿನ ಒಳಗೇ ಇದೆ. ಇಂಥವಕ್ಕೆ ಆಮೇಲೆ ಏನೂ ಸೇರಿಸಲಾಗದು. ಕೊಳ್ಳುವಾಗಲೇ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಬೇಕು.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಮೇಲೆ ಕ್ಲಿಕ್ ಮಾಡಿ. ಕೆಳಗಡೆ ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ವೇಗ ಎಷ್ಟು, ಯಾವ ಆಕಾರದ್ದು ಅಂತ ಬರೆದಿರುತ್ತದೆ. ಫಾರ್ಮ್ ಫ್ಯಾಕ್ಟರ್ ಎದುರು ‘ಎಸ್‌ಒಡಿಐಎಂಎಂ’ ಅಂತಿದ್ದರೆ ತೆಗೆದು ಹಾಕುವ ಸ್ಟಿಕ್. ‘ರೋ ಆಫ್ ಚಿಪ್ಸ್’ ಅಂತಿದ್ದರೆ ಬೆಸುಗೆ ಹಾಕಿದ್ದು. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಬೆಸುಗೆ ಹಾಕಿದ ಮೆಮೊರಿಯನ್ನೂ ಒಂದು ಸ್ಲಾಟ್ ಅಂತ ಲೆಕ್ಕ ತೋರಿಸುವ ಲ್ಯಾಪ್‌ಟಾಪ್‌ಗಳಿವೆ. ತಯಾರಕರ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ, ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಂಡು ಒಮ್ಮೆ ನೋಡಿ. ಅದರಲ್ಲಿ ಸ್ಲಾಟ್ ಎಲ್ಲಿದೆ, ಸ್ಕ್ರೂ ಎಲ್ಲೆಲ್ಲಿವೆ ಅನ್ನುವ ಚಿತ್ರವೂ ಇರುತ್ತದೆ. ಅದು ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಕಮ್ಮಿ ಬೆಲೆಗೆ ಸಿಗುವ ಲ್ಯಾಪ್‌ಟಾಪ್‌ಗಳಲ್ಲಿ 4 ಅಥವಾ 8 ಜಿಬಿ ಬೋರ್ಡ್ ಮೇಲೇ ಇದ್ದು, ಪಕ್ಕದಲ್ಲಿ ಒಂದೇ ಒಂದು ಖಾಲಿ ಸ್ಲಾಟ್ ಇರುವುದು ಮಾಮೂಲು. 4 ಜಿಬಿ ಜೊತೆ 8 ಜಿಬಿ ಹಾಕಿದರೆ 12 ಆಗುತ್ತದೆ. ಬೆಸ ಲೆಕ್ಕ ಅಂತ ಯೋಚಿಸಬೇಡಿ, ಚೆನ್ನಾಗೇ ನಡೆಯುತ್ತದೆ.

ಇನ್ನು ಜಾತಿ, ಅಂದರೆ ರ‍್ಯಾಮ್‌ನ ತಲೆಮಾರು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಹೋಗುವುದಿಲ್ಲ. ಲ್ಯಾಪ್‌ಟಾಪ್ ಸ್ಟಿಕ್‌ನಲ್ಲಿ ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ಕೆಳಗಿನ ಕಚ್ಚು ಇರುವ ಜಾಗವೂ ಬೇರೆ ಬೇರೆ. ಬಲವಂತ ಮಾಡಿದರೆ ಮುರಿಯುವುದು ಸ್ಲಾಟ್. ಉದ್ದವನ್ನೂ ಗಮನಿಸಿ. ಲ್ಯಾಪ್‌ಟಾಪ್ ರ‍್ಯಾಮ್ ಸುಮಾರು 68ರಿಂದ 70 ಮಿಲಿಮೀಟರ್ ಉದ್ದ, ಡೆಸ್ಕ್‌ಟಾಪ್‌ದು 133. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಆರ್ಡರ್ ಮಾಡುವವರು ಇಲ್ಲಿ ಎಡವುತ್ತಾರೆ.

ಅಂಗಡಿಯಲ್ಲಿ ವೇಗಕ್ಕೆ ‘ಬಸ್’ ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹೋಗಿ ರ‍್ಯಾಮ್ ಬೇಕು ಅಂದರೆ ಮೊದಲ ಪ್ರಶ್ನೆಯೇ ‘ಯಾವ ಬಸ್?’ ಅಂತ. 2400, 2666, 3200 ಅಂತ ಉತ್ತರ ಹೇಳಬೇಕು. ಅಷ್ಟು ನೆನಪಿಟ್ಟುಕೊಳ್ಳುವುದಕ್ಕಿಂತ ಹಳೆಯ ಸ್ಟಿಕ್‌ನ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. ಅದರ ಮೇಲೆ ‘8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ’ ಅಂತಿದೆ ಅಂದುಕೊಳ್ಳಿ. ಪಿಸಿ4 ಅಂದರೆ ಡಿಡಿಆರ್4. 3200 ಬಸ್. ಕೆಲವರು ‘ಪಿಸಿ4-25600’ ಅಂತ ಬರೆಯುತ್ತಾರೆ. ಆ ದೊಡ್ಡ ಅಂಕಿಯನ್ನು 8ರಿಂದ ಭಾಗಿಸಿದರೆ ಅದೇ 3200 ಬರುತ್ತದೆ. ಜಾಸ್ತಿ ಬಸ್‌ನ ಸ್ಟಿಕ್ ಹಾಕಿದರೆ ತೊಂದರೆ ಇಲ್ಲ, ಲ್ಯಾಪ್‌ಟಾಪ್ ತನ್ನ ವೇಗಕ್ಕೆ ಇಳಿಸಿಕೊಳ್ಳುತ್ತದೆ. ಎರಡು ಬೇರೆ ವೇಗದ ಸ್ಟಿಕ್ ಇದ್ದರೆ ಎರಡೂ ನಿಧಾನದ್ದರ ವೇಗದಲ್ಲೇ ಓಡುತ್ತವೆ.

ಹಳೆಯ ಲ್ಯಾಪ್‌ಟಾಪ್ ಇರುವವರು ಇದನ್ನು ನಿಧಾನವಾಗಿ ಓದಿ. ಡಿಡಿಆರ್3ರಲ್ಲಿ ಎರಡು ಬಗೆ ಇವೆ. ಸಾದಾ ಡಿಡಿಆರ್3 1.5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಡಿಡಿಆರ್3ಎಲ್ 1.35 ವೋಲ್ಟ್‌ನಲ್ಲಿ. ಎರಡಕ್ಕೂ 204 ಪಿನ್, ಕಚ್ಚೂ ಅದೇ ಜಾಗದಲ್ಲಿ. ಹಾಗಾಗಿ ಸ್ಲಾಟ್‌ನಲ್ಲಿ ಎರಡೂ ಸಲೀಸಾಗಿ ಕೂರುತ್ತವೆ. ಆದರೆ ಇಂಟೆಲ್ 4ನೇ ಜನರೇಷನ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಕೇಳುವುದು 1.35 ವೋಲ್ಟ್‌ನದ್ದನ್ನು ಮಾತ್ರ. 1.5ರದ್ದು ಹಾಕಿದರೆ ಪರದೆ ಕಪ್ಪೇ. ರ‍್ಯಾಮ್ ಚೆನ್ನಾಗಿದೆ, ಲ್ಯಾಪ್‌ಟಾಪ್ ಚೆನ್ನಾಗಿದೆ, ಕೂರಿಸಿದ್ದೂ ಸರಿ, ಆದರೂ ಆನ್ ಆಗಲ್ಲ. ವ್ಯತ್ಯಾಸ ಇರುವುದು ಲೇಬಲ್‌ನ ಒಂದೇ ಅಕ್ಷರದಲ್ಲಿ: ಒಂದರ ಮೇಲೆ ‘ಪಿಸಿ3-12800ಎಸ್’, ಇನ್ನೊಂದರ ಮೇಲೆ ‘ಪಿಸಿ3ಎಲ್-12800ಎಸ್’. ಅನುಮಾನ ಇದ್ದರೆ ಎಲ್ ಇರುವುದನ್ನೇ ಕೊಳ್ಳಿ. ಅದು 1.5 ವೋಲ್ಟ್ ಕೊಡುವ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಇದೇ 4ನೇ ಜನರೇಷನ್‌ಗೆ ಇನ್ನೊಂದು ಮಿತಿಯೂ ಇದೆ. ಒಂದು ಸ್ಲಾಟ್‌ಗೆ 8 ಜಿಬಿ, ಅದಕ್ಕಿಂತ ದೊಡ್ಡ ಸ್ಟಿಕ್ ಅದಕ್ಕೆ ಅರ್ಥವಾಗುವುದಿಲ್ಲ. 16 ಜಿಬಿ ಬೇಕಿದ್ದರೆ ಎರಡು 8 ಹಾಕಬೇಕು.

ಬಿಚ್ಚುವಾಗ

ವಿಂಡೋಸ್ ಶಟ್‌ಡೌನ್ ಕೊಟ್ಟರೂ ಎಷ್ಟೋ ಸಲ ಪೂರ್ತಿ ಆಫ್ ಆಗಿರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಒಂದಷ್ಟನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟಿರುತ್ತದೆ. ಶಿಫ್ಟ್ ಒತ್ತಿಕೊಂಡೇ ಶಟ್‌ಡೌನ್ ಮೇಲೆ ಕ್ಲಿಕ್ ಮಾಡಿ, ಆಗ ಪೂರ್ತಿ ಆಫ್ ಆಗುತ್ತದೆ. ಅದಕ್ಕೂ ಮೊದಲು ಮುಖ್ಯ ಫೈಲ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡಿ ಲ್ಯಾಪ್‌ಟಾಪ್ ಎಬ್ಬಿಸುವ ತಂತ್ರಾಂಶ) ಮುಟ್ಟಬೇಕಾಗಿ ಬಂದರೆ ವಿಂಡೋಸ್ ಆ 48 ಅಂಕಿಗಳನ್ನು ಕೇಳಬಹುದು.

ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನದ್ದಾದರೆ ಅದನ್ನೂ ತೆಗೆಯಿರಿ. ಒಳಗಿನದ್ದಾದರೆ ಮುಚ್ಚಳ ಬಿಚ್ಚಿದ ಮೇಲೆ ಮೊದಲ ಕೆಲಸವೇ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತುದಿ ಹಿಡಿದು ಅಲುಗಿಸುತ್ತಾ ಬಿಡಿಸಿ. ಲೆನೊವೊ ಥಿಂಕ್‌ಪ್ಯಾಡ್‌ಗಳ ಬಯಾಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ಆಫ್ ಮಾಡುವ ಆಯ್ಕೆಯೇ ಇರುತ್ತದೆ. ಆಮೇಲೆ ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಖಾಲಿಯಾಗುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಬ್ಯಾಟರಿ ಜೋಡಿಸಿರುವಾಗಲೇ ರ‍್ಯಾಮ್ ತೆಗೆದು ಹಾಕಿದರೆ ಬೋರ್ಡ್ ಸುಟ್ಟುಹೋಗಬಹುದು.

ಸ್ಕ್ರೂಗಳ ವಿಷಯ. ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಪಿಎಚ್0 ಅಥವಾ ಪಿಎಚ್00 ಅನ್ನುವ ಸಣ್ಣ ಪ್ಲಸ್ ತುದಿಯ ಸ್ಕ್ರೂಡ್ರೈವರ್ ಸಾಕು. ಕೆಲವು ಸ್ಕ್ರೂ ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿರುತ್ತವೆ. ಎಲ್ಲ ಬಿಚ್ಚಿಯೂ ಮುಚ್ಚಳ ಅಲುಗದಿದ್ದರೆ ಒಂದು ಎಲ್ಲೋ ಉಳಿದಿದೆ ಅಂತಲೇ ಅರ್ಥ. ಜೋರು ಮಾಡಬೇಡಿ. ಬಿಚ್ಚಿದ ಸ್ಕ್ರೂಗಳನ್ನು ಯಾವುದು ಎಲ್ಲಿತ್ತು ಅಂತ ಒಂದು ಹಾಳೆಯ ಮೇಲೆ ಚಿತ್ರ ಬರೆದು, ಅಲ್ಲಲ್ಲೇ ಟೇಪ್ ಅಂಟಿಸಿಡಿ. ಉದ್ದ ಸ್ಕ್ರೂ ಹೋಗಿ ಗಿಡ್ಡ ಸ್ಕ್ರೂ ಜಾಗದಲ್ಲಿ ಕೂತರೆ ಮೇಲಿನ ಕೀಬೋರ್ಡ್‌ಗೋ ಬೋರ್ಡ್‌ಗೋ ಚುಚ್ಚುತ್ತದೆ. ಮುಚ್ಚಳದ ಅಂಚಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಳೆದರೆ ಕ್ಲಿಪ್‌ಗಳು ಒಂದೊಂದಾಗಿ ಬಿಡುತ್ತವೆ. ಚಾಕು ಬೇಡ.

ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ಮಂಗಳೂರಿನಲ್ಲೋ ಸಾಗರದಲ್ಲೋ ಕೂತು ಈ ಕೆಲಸ ಮಾಡುವವರಿಗೆ ಇದರ ಭಯ ಕಮ್ಮಿ. ಚಳಿಗಾಲದ ಒಣ ಹವೆಯಲ್ಲಿ ಕಲಬುರಗಿ, ವಿಜಯಪುರದ ಕಡೆ ಜಾಸ್ತಿ. ಹೀಟರ್ ಓಡುವ, ಕಾರ್ಪೆಟ್ ಹಾಸಿದ ಮನೆಯಲ್ಲಿರುವ ಅಮೆರಿಕದ ಕನ್ನಡಿಗರಿಗೆ ಇನ್ನೂ ಜಾಸ್ತಿ. ನಮ್ಮ ಕೈಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಚಿಪ್‌ಗೆ ಸಾಕು. ಬರಿಯ ಮೇಜಿನ ಮೇಲೆ ಕೆಲಸ ಮಾಡಿ, ನೈಲಾನ್ ಬಟ್ಟೆ ಬೇಡ, ರ‍್ಯಾಮ್ ಮುಟ್ಟುವ ಮೊದಲು ಬಣ್ಣ ಬಳಿಯದ ದೊಡ್ಡ ಲೋಹದ ವಸ್ತು ಒಂದನ್ನು ಮುಟ್ಟಿ.

ಕೂರಿಸುವುದು

ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದ ಅರ್ಧ ನಿಮಿಷ ಇದು.

ಹಳೆಯ ಸ್ಟಿಕ್ ತೆಗೆಯಬೇಕಿದ್ದರೆ ಎರಡೂ ಬದಿಯ ಲೋಹದ ಕ್ಲಿಪ್‌ಗಳನ್ನು ಉಗುರಿನಿಂದ ಹೊರಕ್ಕೆ ಸರಿಸಿ. ಸ್ಟಿಕ್ ತಾನೇ ಮೇಲಕ್ಕೆ ಏಳುತ್ತದೆ. ಅದೇ ಕೋನದಲ್ಲಿ ಹೊರಗೆಳೆಯಿರಿ. ಹೊಸದನ್ನು ಅಂಚಿನಲ್ಲಿ ಹಿಡಿಯಿರಿ. ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಬಾರದು. ಕಚ್ಚು ಸರಿಯಾಗಿ ಮಧ್ಯದಲ್ಲಿರುವುದಿಲ್ಲ, ಹಾಗಾಗಿ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಎರಡು ಸ್ಲಾಟ್ ಎದುರುಬದುರು ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಸ್ಟಿಕ್‌ನ ಲೇಬಲ್ ಮೇಲೆ, ಇನ್ನೊಂದರದ್ದು ಕೆಳಗೆ ಬರಬಹುದು. ಪಕ್ಕದ್ದು ಹೇಗಿದೆ ಅಂತ ನೋಡಬೇಡಿ, ಕಚ್ಚು ನೋಡಿ.

ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಸ್ಲಾಟ್ ಒಳಕ್ಕೆ ತಳ್ಳಿ. ಇಲ್ಲಿ ಸ್ವಲ್ಪ ಗಟ್ಟಿಯಾಗೇ ತಳ್ಳಬೇಕು. ಹೊಸ ಸ್ಲಾಟ್ ಬಿಗಿಯಾಗಿರುತ್ತದೆ, ಮುರಿದೀತು ಅನ್ನುವ ಹೆದರಿಕೆಯಲ್ಲಿ ಬಹಳ ಜನ ಮುಕ್ಕಾಲು ಪಾಲಿಗೇ ನಿಲ್ಲಿಸಿಬಿಡುತ್ತಾರೆ. ಈಗ ಬೆಳಕು ಹಿಡಿದು ನೋಡಿ. ಪೂರ್ತಿ ಒಳಗೆ ಹೋಗಿದ್ದರೆ ಚಿನ್ನದ ಪಟ್ಟಿ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಕಂಡರೂ ಎಳೆಯಷ್ಟು. ಆ ಎಳೆ ಎಡದಿಂದ ಬಲದವರೆಗೆ ಒಂದೇ ಅಗಲ ಇರಬೇಕು. ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಕಂಡರೆ ಸೊಟ್ಟ ಹೋಗಿದೆ. ತೆಗೆದು ಮತ್ತೆ ಹಾಕಿ. ನೇರ ಇದ್ದರೆ ಎರಡೂ ತುದಿಯನ್ನು ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್‌ಗಳು ಟಕ್ ಅಂತ ಸದ್ದು ಮಾಡಿ ಸ್ಟಿಕ್‌ನ ಅಂಚಿನ ಅರ್ಧಚಂದ್ರದಂಥ ಕಚ್ಚಿನೊಳಗೆ ಕೂರಬೇಕು. ಒಂದೇ ಕಡೆ ಟಕ್ ಅಂದರೆ ಸಾಲದು. ಕ್ಲಿಪ್ ಕೂರುತ್ತಿಲ್ಲ ಅಂದರೆ ಸ್ಟಿಕ್ ಒಳಗೆ ಪೂರ್ತಿ ಹೋಗಿಲ್ಲ. ಕ್ಲಿಪ್ ಬಗ್ಗಿಸಬೇಡಿ, ಸ್ಟಿಕ್ ಇನ್ನೊಮ್ಮೆ ತಳ್ಳಿ.

ಮುಚ್ಚಳವನ್ನು ಈಗಲೇ ಸ್ಕ್ರೂ ಹಾಕಿ ಬಿಗಿಯಬೇಡಿ. ಬ್ಯಾಟರಿ ಕನೆಕ್ಟರ್ ಸಿಕ್ಕಿಸಿ, ಮುಚ್ಚಳ ಸುಮ್ನೆ ಕೂರಿಸಿ, ಆನ್ ಮಾಡಿ ನೋಡಿ.

ಪರದೆ ಕಪ್ಪಾಗಿದ್ದರೆ

ಮೊದಲು ಕಾಯಿರಿ. ಹೊಸ ರ‍್ಯಾಮ್ ಕಂಡಾಗ ಲ್ಯಾಪ್‌ಟಾಪ್ ಅದರ ಜೊತೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಡಿಡಿಆರ್5ರಲ್ಲಿ ಮೊದಲ ಸಲ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ನಡುವೆ ತಾನೇ ಆಫ್ ಆಗಿ ಮತ್ತೆ ಆನ್ ಆಗಬಹುದು. 10 ನಿಮಿಷ ಬಿಟ್ಟು ನೋಡಿ. ಎಷ್ಟೋ ಜನ ಒಂದೇ ನಿಮಿಷಕ್ಕೆ ಗಾಬರಿಯಾಗಿ ಬಟನ್ ಒತ್ತಿ ಆಫ್ ಮಾಡುತ್ತಾರೆ, ಟ್ರೈನಿಂಗ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಲೈಟೇ ಹತ್ತದಿದ್ದರೆ ಚಾರ್ಜರ್ ಹಾಕಿ. ಒಳಗಿನ ಬ್ಯಾಟರಿ ಬಿಡಿಸಿ ಸಿಕ್ಕಿಸಿದ ಮೇಲೆ ಚಾರ್ಜರ್ ಹಾಕುವ ತನಕ ಎಚ್ಚರಾಗದ ಲ್ಯಾಪ್‌ಟಾಪ್‌ಗಳಿವೆ.

ಲೈಟ್ ಮಿನುಗುತ್ತಿದೆಯಾ, ಬೀಪ್ ಸದ್ದು ಬರುತ್ತಿದೆಯಾ ಗಮನಿಸಿ. ಅದು ಲ್ಯಾಪ್‌ಟಾಪ್ ನಿಮಗೆ ಹೇಳುತ್ತಿರುವ ಕಾರಣ. ಈಚಿನ ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಲೈಟ್ 2 ಸಲ ಕಿತ್ತಳೆ, 3 ಸಲ ಬಿಳಿ ಮಿನುಗಿದರೆ ರ‍್ಯಾಮ್ ಸಿಕ್ಕೇ ಇಲ್ಲ ಅಂತ. 2 ಕಿತ್ತಳೆ, 4 ಬಿಳಿ ಆದರೆ ರ‍್ಯಾಮ್ ಕೆಟ್ಟಿದೆ. 2 ಕಿತ್ತಳೆ, 5 ಬಿಳಿ ಆದರೆ ಹೊಂದದ ರ‍್ಯಾಮ್. ಬೇರೆ ಕಂಪನಿಗಳವು ಬೇರೆ ಲೆಕ್ಕ. ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಮಿನುಗುವುದನ್ನು ಫೋನ್‌ನಲ್ಲಿ ವಿಡಿಯೋ ಮಾಡಿಕೊಂಡರೆ ಎಣಿಸುವುದು ಸುಲಭ.

ಇಷ್ಟಕ್ಕೂ ಗೊತ್ತಾಗದಿದ್ದರೆ ಪತ್ತೆ ಕೆಲಸ ಶುರು. ಪ್ರತಿ ಸಲವೂ ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಬಟನ್ 30 ಸೆಕೆಂಡ್ ಒತ್ತಿಯೇ ರ‍್ಯಾಮ್ ಮುಟ್ಟಿ.

1. ಹೊಸ ಸ್ಟಿಕ್ ತೆಗೆದು ಮತ್ತೆ ಕೂರಿಸಿ. ಬಹಳಷ್ಟು ಸಲ ಕತೆ ಇಲ್ಲಿಗೇ ಮುಗಿಯುತ್ತದೆ.

2. ಆಗಲಿಲ್ಲವಾ? ಹೊಸದನ್ನು ಪೂರ್ತಿ ತೆಗೆದು, ಮೊದಲಿನಂತೆ ಹಳೆಯದು ಮಾತ್ರ ಇರಲಿ. ಈಗ ಆನ್ ಆದರೆ ನೆಮ್ಮದಿ, ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. ಆಗದಿದ್ದರೆ ಬಿಚ್ಚುವಾಗ ಬೇರೇನೋ ಅಲುಗಿದೆ. ಬ್ಯಾಟರಿ ಕನೆಕ್ಟರ್, ಪರದೆಯ ಕೇಬಲ್, ಹಳೆಯ ಸ್ಟಿಕ್ ಕೂತಿರುವ ರೀತಿ, ಮೂರನ್ನೂ ನೋಡಿ.

3. ಹಳೆಯದು ತೆಗೆಯಲು ಬರುವಂಥದ್ದಾದರೆ, ಅದರ ಜಾಗದಲ್ಲಿ ಹೊಸದನ್ನು ಒಂಟಿಯಾಗಿ ಹಾಕಿ. ಆನ್ ಆದರೆ ಹೊಸ ರ‍್ಯಾಮ್ ಚೆನ್ನಾಗಿದೆ. ಹಾಗಾದರೆ ತೊಂದರೆ ಇರುವುದು ಎರಡನೇ ಸ್ಲಾಟ್‌ನಲ್ಲಿ, ಇಲ್ಲವೇ ಎರಡೂ ಒಟ್ಟಿಗೆ ಹೊಂದುತ್ತಿಲ್ಲ.

4. ಅದು ಯಾವುದು ಅಂತ ತಿಳಿಯಲು ಹಳೆಯ ಸ್ಟಿಕ್ ಅನ್ನು ಎರಡನೇ ಸ್ಲಾಟ್‌ಗೆ ಒಂಟಿಯಾಗಿ ಹಾಕಿ. ಅಲ್ಲಿ ಓಡಲಿಲ್ಲ ಅಂದರೆ ಸ್ಲಾಟ್‌ನಲ್ಲಿ ಧೂಳೋ, ಬಾಗಿದ ಪಿನ್ನೋ ಇದೆ. ಟಾರ್ಚ್ ಹಿಡಿದು ನೋಡಿ. ಓಡಿದರೆ ಜೋಡಿಯದೇ ಸಮಸ್ಯೆ. ಆಗ ಎರಡರ ಜಾಗ ಅದಲುಬದಲು ಮಾಡಿ ನೋಡಿ, ಅಷ್ಟಕ್ಕೇ ಸರಿಹೋಗುವುದುಂಟು.

5. ಹೊಸ ಸ್ಟಿಕ್ ಎಲ್ಲೂ, ಹೇಗೂ ಓಡದಿದ್ದರೆ ಲೇಬಲ್ ಇನ್ನೊಮ್ಮೆ ಓದಿ. ಜಾತಿ, ವೋಲ್ಟೇಜ್, ಗರಿಷ್ಠ ಮಿತಿ. ಎಲ್ಲ ಸರಿ ಇದ್ದರೆ ಹಳೆಯ ರ‍್ಯಾಮ್ ಹಾಕಿಕೊಂಡು, ಚಾರ್ಜರ್ ಸಿಕ್ಕಿಸಿ, ಬಯಾಸ್ ಅಪ್‌ಡೇಟ್ ಮಾಡಿ. ಆಮೇಲೆ ಹೊಸದನ್ನು ಹಾಕಿ. ಬೋರ್ಡ್ ಮೇಲೆ ನಾಣ್ಯದಂಥ ಸಿಎಂಒಎಸ್ ಸೆಲ್ (ಬಯಾಸ್ ಸೆಟ್ಟಿಂಗ್ ಉಳಿಸುವ ಸಣ್ಣ ಬ್ಯಾಟರಿ) ಇದ್ದರೆ ಅದನ್ನು ಕೆಲವು ನಿಮಿಷ ಬಿಡಿಸಿಟ್ಟು ಸಿಕ್ಕಿಸುವುದೂ ಒಂದು ದಾರಿ.

ಚಿನ್ನದ ಪಟ್ಟಿಗಳು ಮಬ್ಬಾಗಿದ್ದರೆ ಒರೆಸಿ. ಕರಾವಳಿ, ಮಲೆನಾಡಿನ ತೇವದಲ್ಲಿ ಹಳೆಯ ಸ್ಟಿಕ್‌ಗಳಿಗೆ ಹೀಗಾಗುತ್ತದೆ. ಅಂಗಡಿಯವರು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವುದನ್ನು ನೀವೂ ನೋಡಿರುತ್ತೀರಿ. ಕೆಲಸ ಆಗುತ್ತದೆ, ಆದರೆ ಚಿನ್ನದ ಲೇಪ ಬಹಳ ತೆಳು, ಪದೇ ಪದೇ ಉಜ್ಜಿದರೆ ಸವೆಯುತ್ತದೆ. ರಬ್ಬರ್ ಪುಡಿ ಸ್ಲಾಟ್ ಒಳಗೆ ಬಿದ್ದರೆ ಅದು ಇನ್ನೊಂದು ತೊಂದರೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತಗಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕುವುದು ಒಳ್ಳೆಯದು.

ಆನ್ ಆಯಿತು, ಆದರೆ ಲೆಕ್ಕ ಕಮ್ಮಿ ತೋರಿಸುತ್ತಿದೆ

ಮೊದಲು ಬಯಾಸ್‌ಗೆ ಹೋಗಿ ನೋಡಿ. ಆನ್ ಮಾಡಿದ ತಕ್ಷಣ ಎಫ್2, ಎಫ್10, ಎಫ್1 ಅಥವಾ ಡಿಲೀಟ್, ನಿಮ್ಮ ಕಂಪನಿಯದ್ದು ಯಾವುದೋ ಅದನ್ನು ಒತ್ತಿ. ಬಯಾಸ್‌ನಲ್ಲೇ ಹೊಸ ರ‍್ಯಾಮ್ ಕಾಣದಿದ್ದರೆ ಮೇಲಿನ ಪತ್ತೆ ಕೆಲಸಕ್ಕೇ ವಾಪಸ್ ಹೋಗಿ. ಅಲ್ಲಿ ಪೂರ್ತಿ ಕಂಡು ವಿಂಡೋಸ್‌ನಲ್ಲಿ ಮಾತ್ರ ಕಮ್ಮಿ ಇದ್ದರೆ ವಿಂಡೋಸ್ ಕಡೆ ನೋಡಬೇಕು. 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ಬಳಸುವುದೇ ಇಲ್ಲ, 64 ಬಿಟ್ ಹಾಕಿಸಬೇಕು. ಸ್ಟಾರ್ಟ್‌ನಲ್ಲಿ ಎಂಎಸ್‌ಕಾನ್ಫಿಗ್ (msconfig) ಅಂತ ಹುಡುಕಿ ತೆರೆದು, ಬೂಟ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ‘ಮ್ಯಾಕ್ಸಿಮಮ್ ಮೆಮೊರಿ’ ಎದುರು ಟಿಕ್ ಇದ್ದರೆ ತೆಗೆದುಬಿಡಿ.

16 ಜಿಬಿ ಹಾಕಿ 13.9 ಅಂತ ಕಂಡರೆ ಮೋಸ ಹೋದೆ ಅಂದುಕೊಳ್ಳಬೇಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಕೆಲಸಕ್ಕೆ ಅಂತ ರ‍್ಯಾಮ್‌ನ ಒಂದು ಪಾಲು ಎತ್ತಿಟ್ಟಿರುತ್ತದೆ. ಸಿಪಿಯು-ಝಡ್ ಅನ್ನುವ ತಂತ್ರಾಂಶದಲ್ಲಿ 3200ರ ರ‍್ಯಾಮ್ 1600 ಅಂತ ಕಾಣುವುದೂ ಸರಿಯೇ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, ಅದು ತೋರಿಸುವುದು ಬಡಿತವನ್ನು. ಅದೇ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ಸ್ಟಿಕ್ ಯಾರು ಮಾಡಿದ್ದು, ಎಷ್ಟು ಜಿಬಿ ಅಂತ ಇರುತ್ತದೆ. ಮೇಲಿನ ಸ್ಟಿಕ್ಕರ್ ಜೊತೆ ತಾಳೆ ನೋಡಿ. ಹೊಂದದಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ.

ಎರಡು ದಿನ ಚೆನ್ನಾಗಿತ್ತು, ಈಗ ನೀಲಿ ಪರದೆ

ಎಲ್ಲ ಚೆನ್ನಾಗಿ ಓಡಿ, ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋಗುವುದು, ಬ್ರೌಸರ್ ತಾನೇ ಮುಚ್ಚಿಕೊಳ್ಳುವುದು, ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ನೀಲಿ ಪರದೆ ಬರುವುದು ಆದರೆ ಪರೀಕ್ಷೆ ಮಾಡಲೇಬೇಕು. ಕೆಟ್ಟ ರ‍್ಯಾಮ್‌ನಲ್ಲಿ ಕೆಲಸ ಮಾಡುತ್ತಾ ಹೋದರೆ ಉಳಿಸುವ ಫೈಲ್‌ಗಳೇ ಹಾಳಾಗುತ್ತವೆ. ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಹುಡುಕಿ ಓಡಿಸಿ. ಅದು ಏನೂ ಇಲ್ಲ ಅಂದರೂ ಅನುಮಾನ ಉಳಿದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ರಾತ್ರಿಯಿಡೀ ಓಡಲು ಬಿಡಿ. ಉಚಿತದ್ದೇ ಸಾಕು. ಬೆಳಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಒಪ್ಪಿಕೊಳ್ಳಬೇಡಿ. ‘ಒಂದೆರಡು ಪರವಾಗಿಲ್ಲ ಸರ್’ ಅಂತ ಅಂಗಡಿಯವರು ಹೇಳಿದರೂ ಕೇಳಬೇಡಿ. ಯಾವ ಸ್ಟಿಕ್ ಅಂತ ತಿಳಿಯಲು ಒಂದೊಂದನ್ನೇ ಹಾಕಿ ಪರೀಕ್ಷಿಸಿ.

ಸ್ಲಾಟ್‌ನ ಪಿನ್ ಬಾಗಿದ್ದರೆ, ಸುಟ್ಟ ವಾಸನೆ ಬಂದರೆ, ಹಳೆಯ ರ‍್ಯಾಮ್‌ನಲ್ಲೂ ಆನ್ ಆಗದಿದ್ದರೆ ಮಾತ್ರ ರಿಪೇರಿಯವರ ಹತ್ತಿರ ಹೋಗಿ. ಹೋಗುವಾಗ ನೀವು ಏನೇನು ಮಾಡಿ ನೋಡಿದಿರಿ, ಯಾವ ಸ್ಲಾಟ್‌ನಲ್ಲಿ ಯಾವುದು ಓಡಿತು ಅಂತ ಬರೆದುಕೊಂಡು ಹೋಗಿ. ‘ಬೋರ್ಡ್ ಹೋಗಿದೆ’ ಅಂತ ಸುಲಭಕ್ಕೆ ಹೇಳಲು ಆಗ ಆಗುವುದಿಲ್ಲ. ಲ್ಯಾಪ್‌ಟಾಪ್ ಬಿಟ್ಟುಬರುವ ಮೊದಲು ಒಳಗಿರುವ ಸ್ಟಿಕ್‌ಗಳ ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ. ಹೆಸರಿರುವ ಕಂಪನಿಗಳ ರ‍್ಯಾಮ್‌ಗೆ ಹಲವು ವರ್ಷದ ವಾರಂಟಿ ಇರುತ್ತದೆ, ಬಿಲ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಎರಡೂ ಬೇಕು. ಆ ಸ್ಟಿಕ್ಕರ್ ಕೀಳಬೇಡಿ. ತೆಗೆದಿಟ್ಟ ಹಳೆಯ ಸ್ಟಿಕ್ ಅನ್ನು ಕೂಡಲೇ ಮಾರಬೇಡಿ. ಹೊಸದು ಬಂದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಹಾಕಿ ಒಂದು ತಿಂಗಳಾದರೂ ಇಟ್ಟುಕೊಳ್ಳಿ. ಏನಾದರೂ ಕೈಕೊಟ್ಟರೆ ಪರೀಕ್ಷೆಗೆ ಮೊದಲು ಬೇಕಾಗುವುದು ಅದೇ.